ಪಲ್ಸಾರಿನ ಕ್ಷ-ಕಿರಣ: ದೀಪಸ್ತಂಭದ ಉಪಮೆ ಎಲ್ಲಿಯವರೆಗೆ?

ಉದಕಮಂಡಲಕ್ಕೆ ಸಮೀಪದ ಮುತ್ತೊರೈಯಲ್ಲಿ, ಗುಡ್ಡದ ಇಳಿಜಾರಿನ ಮೇಲೆ ಉತ್ತರ ದಕ್ಷಿಣವಾಗಿ ಒರಗಿಕೊಂಡಿರುವ ರೇಡಿಯೋ ದೂರದರ್ಶಕವನ್ನು ನೀಲಗಿರಿಯ ಕಡೆಯ ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. 530 ಮೀಟರ್ ಉದ್ದ, 30 ಮೀಟರ್ ಅಗಲದ ಆ ಉಪಕರಣವನ್ನು ಪ್ರೊಫೆಸರ್ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಕಟ್ಟಿದರು. 1970ರಲ್ಲಿ ಅದು ಕಾರ್ಯಾರಂಭ ಮಾಡಿತು. ಆ ಗುಡ್ಡವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಗುಡ್ಡದ ಇಳಿಜಾರು ಸುಮಾರು 11 ಡಿಗ್ರಿ. ಆ ಸ್ಥಳದ ಅಕ್ಷಾಂಶವೂ ಸುಮಾರು 11 ಡಿಗ್ರಿ. ಹೀಗಾಗಿ ದೂರದರ್ಶಕದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಂತು, ಒಂದೇ ಬಗೆಯ ಹೊರಳುವಿಕೆಯಿಂದ ಒಂದು ಆಕಾಶಕಾಯವನ್ನು ದಿನಕ್ಕೆ ಒಂಬತ್ತು ಗಂಟೆಗೂ ಮೇಲ್ಪಟ್ಟು ಹಿಂಬಾಲಿಸಬಲ್ಲದು.

ಒಮ್ಮೆ ಬಂಧುಬಳಗದೊಡನೆ ನಾವು ಅಲ್ಲಿಗೆ ಹೋಗಿದ್ದಾಗ, ಪಲ್ಸಾರುಗಳೆಂಬ ಮಿಡಿಯುವ ತಾರೆಗಳನ್ನೂ ಇದರಿಂದ ಅಭ್ಯಸಿಸುತ್ತಾರೆ ಎಂದು ತಿಳಿಯಹೇಳುತ್ತಿದ್ದೆವು. ಜೊತೆಯಲ್ಲಿದ್ದ ಹೈಸ್ಕೂಲು ಹುಡುಗಿಯೊಬ್ಬಳು ನಡುವೆ ಬಾಯಿ ಹಾಕಿದಳು. "ಪಲ್ಸಾರಿನಿಂದ ಕ್ಷ-ಕಿರಣವೂ ಬರುತ್ತದಂತೆ. ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆಯುವುದಕ್ಕೆ ಯಂತ್ರ ಬೇಕು, ಕರೆಂಟು ಬೇಕು. ಅಲ್ಲಿ ಯಂತ್ರ ಯಾವುದು?" ಎಂದಳು. ನಾವು ಎಲ್ಲರೂ ಹೇಳುವ ದೀಪಸ್ತಂಭದ ಉಪಮೆಯನ್ನೇ ಹೇಳಿ ಪಾರಾದೆವು. ಕಡಲತೀರದ ದೀಪಸ್ತಂಭದಲ್ಲಿ ದೀಪವು ಸುತ್ತುತ್ತಿರುತ್ತದೆ, ಅದರ ತೊಲೆಯಂಥ ಬೆಳಕು ನಮ್ಮ ಕಡೆಗೆ ತಿರುಗಿದಾಗಲೆಲ್ಲ ಮಿಂಚಿದಂತೆ ಕಾಣುತ್ತದೆ, ಪಲ್ಸಾರೂ ಹಾಗೆಯೇ. ಉತ್ತರ ತಪ್ಪಲ್ಲ. ಆದರೆ ಹುಡುಗಿ ಕೇಳಿದುದು ಅದನ್ನಲ್ಲ. ಬೆಳಕು ಏಕೆ ಮಿಟುಕುತ್ತದೆ ಎಂಬುದನ್ನು ದೀಪಸ್ತಂಭ ಹೇಳೀತೇ ಹೊರತು, ದೀಪಕ್ಕೆ ಎಣ್ಣೆ ಎಲ್ಲಿಯದು, ಬತ್ತಿ ಎಲ್ಲಿದೆ, ಬೆಳಕಿಗೆ ಆ ಆಕಾರ ಕೊಟ್ಟುದು ಯಾವುದು ಎಂಬುದನ್ನು ಹೇಳುವುದಿಲ್ಲ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಲೇಖನ ಆ ಸಾಲವನ್ನು ತೀರಿಸುವ ಯತ್ನ.

ಮುತ್ತೊರೈಯ ದೂರದರ್ಶಕಕ್ಕೆ ಕ್ಷ-ಕಿರಣ ಕಾಣದು ಎಂಬುದನ್ನು ಮೊದಲೇ ಹೇಳಬೇಕು. ರೇಡಿಯೋ ತರಂಗಗಳು ವಾತಾವರಣವನ್ನು ಸರಾಗವಾಗಿ ದಾಟಿ ಬರುತ್ತವೆ; ಕ್ಷ-ಕಿರಣಗಳಿಗೆ ಆ ಭಾಗ್ಯವಿಲ್ಲ. ನಮ್ಮ ತಲೆಯ ಮೇಲಿರುವ ಗಾಳಿಯ ಹೊರೆ ಸುಮಾರು ಹತ್ತು ಮೀಟರ್ ಆಳದ ನೀರಿನ ಹೊರೆಗೆ ಸಮ. ಕ್ಷ-ಕಿರಣಗಳೆಲ್ಲ ಅದರಲ್ಲಿ ಇಂಗಿಹೋಗುತ್ತವೆ. ನಮ್ಮ ಆರೋಗ್ಯದ ದೃಷ್ಟಿಯಿಂದ ಇದು ಒಳ್ಳೆಯದೇ. ಖಗೋಳಜ್ಞರು ಮಾತ್ರ ಬಲೂನು, ರಾಕೆಟ್ಟು, ಉಪಗ್ರಹಗಳನ್ನು ಏರಬೇಕಾಯಿತು.

ಕಥೆಯು ವೃಷಭರಾಶಿಯ ಏಡಿ ನೀಹಾರಿಕೆಯಿಂದ ಮೊದಲಾಗುತ್ತದೆ. 1054ರ ಜುಲೈಯಲ್ಲಿ ಚೀನದ ಆಸ್ಥಾನ ಜ್ಯೋತಿಷಿಗಳು ಅಲ್ಲಿ ಹೊಸ ನಕ್ಷತ್ರವೊಂದನ್ನು ಕಂಡು ಬರೆದಿಟ್ಟರು. 23 ದಿನಗಳ ಕಾಲ ಅದು ಹಗಲಿನಲ್ಲೂ ಕಾಣುತ್ತಿತ್ತು. ಅದು ನಿಜವಾಗಿ ಒಂದು ನಕ್ಷತ್ರದ ಸಾವು. ಸಿಡಿದು ಚೆದರಿದ ಅದರ ಒಡಲೇ ಇಂದು ಏಡಿ ನೀಹಾರಿಕೆಯೆಂದು ಕಾಣುವುದು; ದೂರ ಸುಮಾರು 6,500 ಜ್ಯೋತಿರ್ವರ್ಷ. ಇಂಥ ಸಿಡಿತದಲ್ಲಿ ನಕ್ಷತ್ರದ ತಿರುಳು ಕುಸಿದು ನ್ಯೂಟ್ರಾನುಗಳ ಮುದ್ದೆಯಾಗಿ ಉಳಿದೀತೆಂದು ವಾಲ್ಟರ್ ಬಾಡೆ, ಫ್ರಿಟ್ಜ್ ಜ್ವಿಕಿ ಎಂಬಿಬ್ಬರು 1934ರಷ್ಟು ಹಿಂದೆಯೇ ಬರೆದಿದ್ದರು. ಅದನ್ನು ಆಗ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

1963ರಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದ ರಾಕೆಟ್ಟೊಂದು ಏಡಿ ನೀಹಾರಿಕೆಯ ದಿಕ್ಕಿನಿಂದ ಕ್ಷ-ಕಿರಣ ಬರುತ್ತಿದೆಯೆಂದು ತೋರಿಸಿತು. ಬರುತ್ತಿರುವುದು ಚುಕ್ಕೆಯಂಥ ನ್ಯೂಟ್ರಾನ್ ನಕ್ಷತ್ರದಿಂದಲೋ, ಹರಡಿದ ನೀಹಾರಿಕೆಯಿಂದಲೋ? ಆಗಿನ ಉಪಕರಣಗಳಿಗೆ ಅಷ್ಟು ಸೂಕ್ಷ್ಮವಾಗಿ ನೋಡುವ ಶಕ್ತಿ ಇರಲಿಲ್ಲ. ಹರ್ಬರ್ಟ್ ಫ್ರೀಡ್‌ಮನ್ನರ ತಂಡ ಒಂದು ಜಾಣ ಉಪಾಯ ಹೂಡಿತು. ಚಂದ್ರನು ಆಗಾಗ ಏಡಿ ನೀಹಾರಿಕೆಯನ್ನು ಮರೆಮಾಡುವುದುಂಟು. ಚಂದ್ರನ ಅಂಚು ಸರಿದು ಮುಚ್ಚುವಾಗ ಕ್ಷ-ಕಿರಣ ದೀಪ ಆರಿದಂತೆ ಥಟ್ಟನೆ ನಿಂತರೆ ಮೂಲ ಚುಕ್ಕೆ. ಮೆಲ್ಲಮೆಲ್ಲನೆ ಇಳಿದರೆ ಮೂಲ ಹರಡಿದ್ದು. 1964ರ ಜುಲೈ 7ರಂದು, ರಾಕೆಟ್ಟು ವಾತಾವರಣದ ಮೇಲಿರುವ ಐದಾರು ನಿಮಿಷಗಳೂ ಚಂದ್ರನು ನೀಹಾರಿಕೆಯ ನಡುವನ್ನು ದಾಟುವ ಗಳಿಗೆಯೂ ಕೂಡುವಂತೆ ಲೆಕ್ಕ ಹಾಕಿ ಹಾರಿಸಿದರು. ಕ್ಷ-ಕಿರಣ ಮೆಲ್ಲನೆಯೇ ಇಳಿಯಿತು. ಮೂಲವು ಜ್ಯೋತಿರ್ವರ್ಷದ ಅಳತೆಯ ವಿಸ್ತಾರವುಳ್ಳದ್ದೆಂದು ತಿಳಿಯಿತು. ನ್ಯೂಟ್ರಾನ್ ನಕ್ಷತ್ರವನ್ನು ಹಿಡಿದೆವೆಂಬ ಆಸೆ ಮುರಿಯಿತು. (ಇದೇ ಚಂದ್ರನ ಅಂಚಿನ ಉಪಾಯವನ್ನು ರೇಡಿಯೋ ಮೂಲಗಳಿಗೆ ಹೂಡುವುದೇ ಮುತ್ತೊರೈಯ ದೂರದರ್ಶಕದ ಮೊದಮೊದಲ ಮುಖ್ಯ ಕೆಲಸವಾಗಿತ್ತು.)

ಇನ್ನು ಮುಂದಿನದು ನಮಗೆ ಬಹಳ ಇಷ್ಟವಾದ ಪ್ರಸಂಗ. 1967ರ ಜೂನ್ 4ರಂದು ಟೆಕ್ಸಾಸಿನ ರೈಸ್ ವಿಶ್ವವಿದ್ಯಾಲಯದವರು ಬಲೂನೊಂದಕ್ಕೆ ಉಪಕರಣ ಕಟ್ಟಿ ಏಡಿ ನೀಹಾರಿಕೆಯ ಕ್ಷ-ಕಿರಣಗಳನ್ನು ಎಣಿಸಿ ಟೇಪಿನಲ್ಲಿ ತುಂಬಿಟ್ಟುಕೊಂಡರು. ಅದೇ ವರ್ಷದ ಕೊನೆಯಲ್ಲಿ ಕೇಂಬ್ರಿಜ್ಜಿನ ಸಂಶೋಧನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ 1.337 ಸೆಕೆಂಡಿಗೊಮ್ಮೆ ಮಿಡಿಯುವ ಮೊದಲ ಪಲ್ಸಾರನ್ನು ರೇಡಿಯೋದಲ್ಲಿ ಕಂಡಳು. 1968ರಲ್ಲಿ ಏಡಿ ನೀಹಾರಿಕೆಯೊಳಗೇ ಒಂದು ಪಲ್ಸಾರು ಸಿಕ್ಕಿತು. ಅದು ಸೆಕೆಂಡಿಗೆ ಸುಮಾರು 30 ಸಲ ಮಿಡಿಯುತ್ತಿತ್ತು. 1969ರ ಜನವರಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನಲ್ಲೂ, ಕೆಲವೇ ತಿಂಗಳಲ್ಲಿ ಎರಡು ತಂಡಗಳ ರಾಕೆಟ್ಟುಗಳಿಂದ ಕ್ಷ-ಕಿರಣದಲ್ಲೂ ಅದೇ ಮಿಡಿತ ಕಂಡಿತು. ಆಗ ರೈಸ್‌ನವರು ತಮ್ಮ ಹಳೆಯ ಟೇಪನ್ನು ಹೊರತೆಗೆದು, 33 ಮಿಲಿಸೆಕೆಂಡಿನ ಮಡಿಕೆಗಳಾಗಿ ಮಡಿಚಿ ನೋಡಿದರು. ಮಿಡಿತ ಅಲ್ಲಿಯೇ ಇತ್ತು! ಪಲ್ಸಾರೆಂಬ ಶಬ್ದವೇ ಹುಟ್ಟುವ ಮೊದಲೇ ಅವರ ಕಪಾಟಿನಲ್ಲಿ ಪಲ್ಸಾರಿನ ಕ್ಷ-ಕಿರಣ ಕುಳಿತಿತ್ತು. ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಹಾಗಾದರೆ 1964ರ ಚಂದ್ರಪ್ರಯೋಗ ತಪ್ಪಾಗಿತ್ತೇ? ಇಲ್ಲ. ಏಡಿಯಿಂದ ಬರುವ ಮೃದುವಾದ ಕ್ಷ-ಕಿರಣದಲ್ಲಿ ಮಿಡಿಯುವ ಪಾಲು ಇಪ್ಪತ್ತರಲ್ಲೊಂದರಿಂದ ಹತ್ತರಲ್ಲೊಂದು ಮಾತ್ರ. ಉಳಿದುದು ಸುತ್ತಲಿನ ನೀಹಾರಿಕೆಯದು. ಆದರೆ ನೀಹಾರಿಕೆಗೂ ಆ ಶಕ್ತಿಯನ್ನು ಒದಗಿಸುತ್ತಿರುವುದು ಪಲ್ಸಾರೇ. ಸುತ್ತುತ್ತಿರುವ ಕಾಂತಯುಕ್ತ ನ್ಯೂಟ್ರಾನ್ ನಕ್ಷತ್ರವೊಂದು ಇಂಥ ನೀಹಾರಿಕೆಗೆ ಶಕ್ತಿ ಕೊಡುತ್ತಿರಬಹುದೆಂದು ಇಟಲಿಯ ಫ್ರಾಂಕೋ ಪಾಚೀನಿ 1967ರಲ್ಲಿ, ಪಲ್ಸಾರಿನ ಸುದ್ದಿ ಪ್ರಕಟವಾಗುವ ಮುನ್ನವೇ, ಬರೆದಿದ್ದರು. ಅವರ ಊಹೆ ನಿಜವಾಯಿತು.

ಈಗ ಹುಡುಗಿಯ ಯಂತ್ರಕ್ಕೆ ಬರೋಣ. ಆಸ್ಪತ್ರೆಯ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಹತ್ತಾರು ಸಾವಿರ ವೋಲ್ಟುಗಳಿಂದ ಓಡಿಸಿ ಲೋಹದ ತಟ್ಟೆಗೆ ಬಡಿಯುತ್ತಾರೆ. ಅವು ಥಟ್ಟನೆ ನಿಲ್ಲುವಾಗ ಕ್ಷ-ಕಿರಣ ಹೊರಡುತ್ತದೆ. ಪಲ್ಸಾರಿನಲ್ಲಿ ಲೋಹದ ತಟ್ಟೆಯಿಲ್ಲ. ಇರುವುದು ಸೂರ್ಯನ ಒಂದೂವರೆಯಷ್ಟು ದ್ರವ್ಯ, 20-25 ಕಿಲೋಮೀಟರ್ ಅಡ್ಡಳತೆಯ ಗೋಳದಲ್ಲಿ ಅಡಕವಾಗಿ. ಉದಕಮಂಡಲದಿಂದ ಕೂನೂರಿಗೆ ಹೋಗುವ ರಸ್ತೆಗಿಂತ ತುಸು ಹೆಚ್ಚು ಅಷ್ಟೇ. ಅದಕ್ಕೊಂದು ಕಾಂತಕ್ಷೇತ್ರವಿದೆ. ನಮ್ಮ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ಏಡಿಯ ಪಲ್ಸಾರಿನದು ಕೆಲವು ಲಕ್ಷ ಕೋಟಿ ಗಾಸ್.

ಬೈಸಿಕಲ್ಲಿನ ಡೈನಮೋವನ್ನು ನೆನೆಯಿರಿ. ಅಯಸ್ಕಾಂತ ಸುತ್ತಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ದೀಪ ಉರಿಯುತ್ತದೆ. ಆದರೆ ತುಳಿಯುವುದು ತುಸು ಭಾರವಾಗುತ್ತದೆ. ಏಡಿಯ ಪಲ್ಸಾರೂ ಅಂಥದೇ ಡೈನಮೋ. ಇಷ್ಟು ಬಲದ ಅಯಸ್ಕಾಂತ ಸೆಕೆಂಡಿಗೆ 30 ಸುತ್ತು ತಿರುಗಿದಾಗ ಹುಟ್ಟುವ ವಿದ್ಯುತ್ಕ್ಷೇತ್ರವು ನಕ್ಷತ್ರದ ಮೈಯಿಂದಲೇ ವಿದ್ಯುತ್ಕಣಗಳನ್ನು ಕಿತ್ತು ಮೇಲೆಸೆಯುತ್ತದೆ. ಕಣಗಳು ಕಾಂತರೇಖೆಗಳನ್ನು ಬಿಟ್ಟು ಅತ್ತಿತ್ತ ಹೋಗಲಾರವು. ಹಳಿಯ ಮೇಲಿನ ಬಂಡಿಯಂತೆ ರೇಖೆಯ ಗುಂಟ ಓಡುತ್ತವೆ. ರೇಖೆ ಬಾಗಿರುವುದರಿಂದ ಓಡುವಾಗ ಅತಿ ತೀಕ್ಷ್ಣವಾದ ಗಾಮಾಕಿರಣಗಳನ್ನು ಚೆಲ್ಲುತ್ತವೆ. ಆ ಗಾಮಾಕಿರಣ ಅಂಥ ಕಾಂತಕ್ಷೇತ್ರದಲ್ಲಿ ಉಳಿಯಲಾರದೆ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವೂ ಓಡಿ ಇನ್ನಷ್ಟು ಕಿರಣ, ಇನ್ನಷ್ಟು ಜೋಡಿ. ಒಂದು ಕಣದಿಂದ ಮೊದಲಾದುದು ಸಾವಿರಾರಾಗಿ ಬೆಳೆಯುತ್ತದೆ. ಹೀಗೆ ಹುಟ್ಟಿದ ಜೋಡಿಗಳು ಕಾಂತರೇಖೆಗಳ ಸುತ್ತ ತಿರುಚಿಕೊಂಡು ಓಡುವಾಗ ಹೊರಬೀಳುವ ಬೆಳಕಿಗೆ ಸಿಂಕ್ರೋಟ್ರಾನ್ ವಿಕಿರಣವೆಂದು ಹೆಸರು. ಏಡಿ ಪಲ್ಸಾರಿನ ಕ್ಷ-ಕಿರಣದ ಬಹುಪಾಲು ಇದೇ. ತಟ್ಟೆಗೆ ಬಡಿಯದಿದ್ದರೂ ಕಾಂತಕ್ಷೇತ್ರವೇ ಕಣಗಳನ್ನು ಬಾಗಿಸಿ ಬಳಲಿಸಿ ಆ ಕೆಲಸ ಮಾಡಿಸುತ್ತದೆ.

ತುಳಿಯುವ ಭಾರ? ಅದೂ ಇದೆ. ಏಡಿ ಪಲ್ಸಾರಿನ ಒಂದು ಸುತ್ತಿನ ಅವಧಿ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡು ಹೆಚ್ಚುತ್ತಿದೆ. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ 36 ಭಾಗ. ಇದೇನು ಮಹಾ ಎಂದು ತೋರಬಹುದು. ಆದರೆ ಅಷ್ಟು ತೂಕದ ಗೋಳ ಅಷ್ಟು ನಿಧಾನಿಸುವುದರಿಂದ ಸೋರುವ ಶಕ್ತಿ ಸೂರ್ಯನ ಒಟ್ಟು ಪ್ರಕಾಶದ ಒಂದು ಲಕ್ಷ ಪಟ್ಟಿಗೂ ಹೆಚ್ಚು. ನೀಹಾರಿಕೆಯನ್ನು ಬೆಳಗಲು ಬೇಕಾದ ಲೆಕ್ಕಕ್ಕೆ ಇದು ಸರಿಹೊಂದಿದಾಗ, ಎಣ್ಣೆ ಎಲ್ಲಿಯದೆಂಬ ಪ್ರಶ್ನೆಗೆ ಏಡಿಯ ಮಟ್ಟಿಗೆ ಉತ್ತರ ದೊರೆಯಿತು: ಸುತ್ತುವಿಕೆಯೇ ಎಣ್ಣೆ.

ಬತ್ತಿ ಎಲ್ಲಿದೆ ಎಂಬುದು ಇಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ನಕ್ಷತ್ರದೊಡನೆ ಕಾಂತಕ್ಷೇತ್ರವೂ ಸುತ್ತುತ್ತದೆ. ದೂರ ಹೋದಂತೆ ಸುತ್ತುವ ವೇಗ ಹೆಚ್ಚಬೇಕು. ಏಡಿಯಲ್ಲಿ ಸುಮಾರು 1,600 ಕಿಲೋಮೀಟರ್ ದೂರದಲ್ಲಿ ಅದು ಬೆಳಕಿನ ವೇಗವನ್ನೇ ಮುಟ್ಟುತ್ತದೆ. ಅದರಾಚೆ ಯಾವುದೂ ನಕ್ಷತ್ರದೊಡನೆ ಸುತ್ತಲಾರದು. ಕಾಂತರೇಖೆಗಳು ಬಿಚ್ಚಿಕೊಂಡು ಹೊರಕ್ಕೆ ಚಾಚುತ್ತವೆ. ಕ್ಷ-ಕಿರಣ ಹುಟ್ಟುವುದು ಕಾಂತಧ್ರುವದ ಬುಡದಲ್ಲೋ, ಈ ಬೆಳಕಿನ ಎಲ್ಲೆಯ ಸಮೀಪದಲ್ಲೋ, ಅದರಾಚೆಯೋ ಎಂದು ದಶಕಗಳ ಕಾಲ ವಾದ ನಡೆಯಿತು. 1975ರಲ್ಲಿ ರೂಡರ್‌ಮನ್ ಮತ್ತು ಸದರ್ಲೆಂಡರು ಬುಡದ ಪಕ್ಷವನ್ನು ವಿವರವಾಗಿ ಮಂಡಿಸಿದರು. 1986ರಲ್ಲಿ ಅದೇ ರೂಡರ್‌ಮನ್ನರು ಚೆಂಗ್ ಮತ್ತು ಹೋ ಎಂಬವರೊಡನೆ ಕೂಡಿ ಹೊರವಲಯದ ಪಕ್ಷವನ್ನು ಕಟ್ಟಿದರು. ತಮ್ಮ ಪಕ್ಷಕ್ಕೇ ಅಂಟಿಕೊಳ್ಳದ ಇಂಥ ವಿದ್ವಾಂಸರು ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಅಪರೂಪ. ಏಡಿಯಲ್ಲಿ ರೇಡಿಯೋ, ಬೆಳಕು, ಕ್ಷ-ಕಿರಣ, ಗಾಮಾಕಿರಣಗಳ ಮಿಡಿತ ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಬರುತ್ತದೆ. ಒಂದೇ ಸುತ್ತಿನಲ್ಲಿ ಎರಡು ಶಿಖರಗಳು. ನಡುವಣ ಅಂತರ ಸುತ್ತಿನ ಹತ್ತರಲ್ಲಿ ನಾಲ್ಕು ಪಾಲು. ದಕ್ಷಿಣಾಕಾಶದ ವೇಲಾ ಪಲ್ಸಾರಿನಲ್ಲಿಯಾದರೋ ಇವು ಒಂದಕ್ಕೊಂದು ಹೊಂದುವುದಿಲ್ಲ. ರೇಡಿಯೋದ ಬತ್ತಿ ಬೇರೆ, ಮಿಕ್ಕವುಗಳ ಬತ್ತಿ ಬೇರೆ. ಇಂದು ಬಹುಮಂದಿಯ ಒಲವು ಹೊರವಲಯದ ಕಡೆಗೆ, ಬೆಳಕಿನ ಎಲ್ಲೆಯ ಆಸುಪಾಸಿಗೆ.

ದೀಪಸ್ತಂಭದ ಉಪಮೆ ಮೊದಲು ಮುಗ್ಗರಿಸುವುದು ಇಲ್ಲಿಯೇ. ಏಡಿಯ ಶಿಖರ ಅಷ್ಟು ಚೂಪಾಗಿರುವುದು ಬೆಳಕಿನ ತೊಲೆ ಸಪೂರವಾಗಿರುವುದರಿಂದ ಎಂದು ನಾವೂ ಬಹುಕಾಲ ತಿಳಿದಿದ್ದೆವು. ಅದು ಪೂರ್ತಿ ನಿಜವಲ್ಲ. ಕಿರಣಗಳು ಕಾಂತರೇಖೆಯ ಗುಂಟ ನೂರಾರು ಕಿಲೋಮೀಟರ್ ಉದ್ದಕ್ಕೂ, ಬೇರೆಬೇರೆ ಎತ್ತರಗಳಲ್ಲಿ ಹುಟ್ಟುತ್ತವೆ. ಎತ್ತರದಲ್ಲಿ ಹುಟ್ಟಿದುದಕ್ಕೆ ನಮ್ಮೆಡೆಗೆ ದಾರಿ ಕಡಿಮೆ. ಆದರೆ ರೇಖೆ ಹಿಂದಕ್ಕೆ ಬಾಗಿರುವುದರಿಂದ ಅದು ನಮ್ಮ ಕಡೆಗೆ ತಿರುಗುವುದು ತಡವಾಗಿ. ದೂರದ ಊರಿನವರು ಬೆಳಗಾಗುವ ಮೊದಲೇ ಹೊರಟು, ಹತ್ತಿರದವರು ಊಟ ಮುಗಿಸಿ ಹೊರಟು, ರಥ ಎಳೆಯುವ ಹೊತ್ತಿಗೆ ಎಲ್ಲರೂ ಒಮ್ಮೆಗೇ ತೇರಿನ ಬೀದಿಯಲ್ಲಿ ಸೇರುವಂತೆ, ಬೇರೆಬೇರೆ ಹೊತ್ತಿನಲ್ಲಿ ಹೊರಟ ಕಿರಣಗಳು ಒಂದೇ ಕ್ಷಣಕ್ಕೆ ನಮ್ಮನ್ನು ಮುಟ್ಟುತ್ತವೆ. ಆ ಜಾತ್ರೆಯ ನೂಕುನುಗ್ಗಲೇ ನಮಗೆ ಕಾಣುವ ಚೂಪಾದ ಶಿಖರ.

ಎಲ್ಲ ಪಲ್ಸಾರುಗಳೂ ಏಡಿಯಷ್ಟು ತರುಣವಲ್ಲ. ವಯಸ್ಸಾದವು ಮೆಲ್ಲಗೆ ಸುತ್ತುತ್ತವೆ. ಅವುಗಳಲ್ಲಿ ಹುಟ್ಟಿನ ಕಾವೇ ಕಾಣಿಸಿಕೊಳ್ಳುತ್ತದೆ. ಕೆಲವು ಲಕ್ಷ ಡಿಗ್ರಿ ಕಾದ ಮೈ ತನ್ನಷ್ಟಕ್ಕೆ ಮೃದುವಾದ ಕ್ಷ-ಕಿರಣವನ್ನು ಸೂಸುತ್ತದೆ, ಕಾದ ಕಬ್ಬಿಣ ಕೆಂಪಗೆ ಹೊಳೆಯುವಂತೆ. ಅದಲ್ಲದೆ, ಮೇಲೆ ಹೇಳಿದ ಕಣಗಳ ಜೋಡಿಗಳಲ್ಲಿ ಒಂದು ಹೊರಕ್ಕೆ ಓಡಿದರೆ ಇನ್ನೊಂದು ಹಿಂದಿರುಗಿ ನಕ್ಷತ್ರದ ಮೈಗೆ ಬಡಿದು ಧ್ರುವಪ್ರದೇಶವನ್ನು ಹತ್ತು ಲಕ್ಷ ಡಿಗ್ರಿಗೂ ಮೇಲೆ ಕಾಯಿಸುತ್ತದೆ. ಇಲ್ಲಿ ತೊಲೆಯೂ ಇಲ್ಲ, ಕನ್ನಡಿಯೂ ಇಲ್ಲ. ಕುಂಬಾರನ ತಿಗರಿಯ ಮೇಲಿನ ಮಡಕೆಗೆ ಕೆಂಡದಂಥ ಒಂದು ಮಚ್ಚೆ ಇದೆಯೆಂದುಕೊಳ್ಳಿ. ಮಚ್ಚೆ ನಮ್ಮ ಕಡೆ ಬಂದಾಗ ಹೆಚ್ಚು, ಹಿಂದಕ್ಕೆ ಹೋದಾಗ ಕಡಿಮೆ, ಅಷ್ಟೇ. ಆದರೆ ಮಡಕೆಗಿಲ್ಲದ ಒಂದು ವಿಚಿತ್ರ ಈ ಗೋಳಕ್ಕಿದೆ. ಅದರ ಗುರುತ್ವ ಎಷ್ಟು ಬಲವಾದುದೆಂದರೆ ಬೆಳಕೇ ಬಾಗುತ್ತದೆ; ಹಿಂಬದಿಯ ಮಚ್ಚೆಯ ಕಿರಣವೂ ಬಳಸಿಕೊಂಡು ನಮ್ಮನ್ನು ತಲಪುತ್ತದೆ. ಗೋಳದ ಅರ್ಧಕ್ಕಿಂತ ಹೆಚ್ಚು ಮೈ ನಮಗೆ ಒಮ್ಮೆಗೇ ಕಾಣುತ್ತದೆ. ಹೀಗಾಗಿ ಮಿಡಿತದ ಏರಿಳಿತ ಮೃದುವಾಗುತ್ತದೆ. ಎಷ್ಟು ಮೃದುವಾಯಿತೆಂದು ಅಳೆದರೆ ಗೋಳದ ತೂಕಕ್ಕೂ ಗಾತ್ರಕ್ಕೂ ಇರುವ ಅನುಪಾತ ಸಿಕ್ಕುತ್ತದೆ.

ಈ ಅಳತೆಗಾಗಿಯೇ 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 'ನೈಸರ್' ಎಂಬ ಉಪಕರಣವನ್ನು ಕಟ್ಟಿದರು. ಸೆಕೆಂಡಿಗೆ 205 ಸಲ ಸುತ್ತುವ, ಸುಮಾರು 1,100 ಜ್ಯೋತಿರ್ವರ್ಷ ದೂರದ ಒಂದು ಪಲ್ಸಾರನ್ನು ಅದು ನೋಡಿತು. 2019ರ ಡಿಸೆಂಬರಿನಲ್ಲಿ ಎರಡು ತಂಡಗಳು, ಒಂದನ್ನೊಂದು ಆಶ್ರಯಿಸದೆ, ತಮ್ಮ ಲೆಕ್ಕವನ್ನು ಪ್ರಕಟಿಸಿದುವು. ಶಾಲೆಯ ಪುಸ್ತಕದ ಅಯಸ್ಕಾಂತದಂತೆ ಉತ್ತರಕ್ಕೊಂದು ದಕ್ಷಿಣಕ್ಕೊಂದು ಮಚ್ಚೆ ಇರಬೇಕೆಂದು ಎಲ್ಲರ ನಿರೀಕ್ಷೆ. ಕಂಡುದು, ಮಚ್ಚೆಗಳೆಲ್ಲವೂ ದಕ್ಷಿಣಾರ್ಧದಲ್ಲಿಯೇ! ಒಂದು ತಂಡದ ಲೆಕ್ಕದಲ್ಲಿ ಅವುಗಳಲ್ಲೊಂದು ಬಿದಿಗೆಯ ಚಂದ್ರನಂತೆ ಉದ್ದಕ್ಕೆ ಬಾಗಿದೆ. ಪಠ್ಯಪುಸ್ತಕಗಳಲ್ಲಿ ಐವತ್ತು ವರ್ಷ ಬರೆದ ಚಿತ್ರ, ಎರಡು ಧ್ರುವ ಎರಡು ತೊಲೆ, ಕನಿಷ್ಠ ಈ ಒಂದು ನಕ್ಷತ್ರದಲ್ಲಿ ಸುಳ್ಳಾಯಿತು. ನಾವು ಮುತ್ತೊರೈಯಲ್ಲಿ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ್ದೂ ಅದೇ ಚಿತ್ರವನ್ನು.

ಇಲ್ಲಿಯವರೆಗಿನ ಪಲ್ಸಾರುಗಳು ಸ್ವಂತ ದುಡಿಮೆಯವು, ಅಥವಾ ಕೂಡಿಟ್ಟ ಕಾವಿನ ಮೇಲೆ ಬದುಕುವವು. ಇನ್ನೊಂದು ಪಂಗಡ ಪರರ ಸೊತ್ತಿನ ಮೇಲೆ ಬದುಕುತ್ತದೆ. 1970ರ ಡಿಸೆಂಬರ್ 12ರಂದು, ಕೀನ್ಯ ತೀರದಾಚೆಯ ಸಮುದ್ರವೇದಿಕೆಯಿಂದ ಕ್ಷ-ಕಿರಣ ಉಪಗ್ರಹವೊಂದನ್ನು ಹಾರಿಸಿದರು. ಅಂದು ಕೀನ್ಯದ ಸ್ವಾತಂತ್ರ್ಯದಿನ; ಅದಕ್ಕೆ 'ಉಹುರು', ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯ, ಎಂದು ಹೆಸರಿಟ್ಟರು. ರಿಕಾರ್ಡೊ ಜಕೋನಿಯವರ ತಂಡ 1971ರಲ್ಲಿ ಸೆಂಟಾರಸ್ ಪುಂಜದ ಒಂದು ಮೂಲ 4.84 ಸೆಕೆಂಡಿಗೊಮ್ಮೆ ಮಿಡಿಯುವುದನ್ನು ಕಂಡಿತು. ಇದಕ್ಕೆ ಸೆಂಟಾರಸ್ ಎಕ್ಸ್-3 ಎಂದು ಹೆಸರು. ಮಿಡಿತದ ಅವಧಿ ಒಮ್ಮೆ ತುಸು ಹೆಚ್ಚು, ಒಮ್ಮೆ ತುಸು ಕಡಿಮೆ. ಹತ್ತಿರ ಬರುವ ರೈಲಿನ ಸಿಳ್ಳು ಏರಿ, ದೂರ ಸರಿಯುವಾಗ ಇಳಿಯುವಂತೆ. ಎರಡು ದಿನಕ್ಕೊಮ್ಮೆ ಮೂಲವೇ ಕೆಲವು ಗಂಟೆಗಳ ಕಾಲ ಮಾಯವಾಗುತ್ತಿತ್ತು. ಅರ್ಥ ಸ್ಪಷ್ಟವಾಯಿತು: ನ್ಯೂಟ್ರಾನ್ ನಕ್ಷತ್ರವು ಒಂದು ದೊಡ್ಡ ನಕ್ಷತ್ರದ ಸುತ್ತ ತಿರುಗುತ್ತ, ಅದರ ಹಿಂದೆ ಮರೆಯಾಗುತ್ತಿದೆ. ಹರ್ಕ್ಯುಲಿಸ್ ಪುಂಜದ ಎಕ್ಸ್-1 ಇನ್ನೊಂದು ಇಂಥದು, ಮಿಡಿತ 1.24 ಸೆಕೆಂಡು, ಜೊತೆಗಾರನ ಸುತ್ತ ಪ್ರದಕ್ಷಿಣೆ 1.7 ದಿನ.

ಇವುಗಳಲ್ಲಿ ಎಣ್ಣೆಯೆಂದರೆ ಬೀಳುವಿಕೆ. ಜೊತೆಗಾರ ನಕ್ಷತ್ರದ ಅನಿಲ ನ್ಯೂಟ್ರಾನ್ ನಕ್ಷತ್ರದ ಸೆಳೆತಕ್ಕೆ ಸಿಕ್ಕಿ, ಸುಳಿಯಾಗಿ ಸುತ್ತುತ್ತ ಒಳಕ್ಕೆ ಇಳಿಯುತ್ತದೆ. ನೆಲ ಮುಟ್ಟುವಾಗ ವೇಗ ಬೆಳಕಿನ ಅರ್ಧದಷ್ಟು. ಸೂರ್ಯನೊಳಗೆ ಜಲಜನಕ ಹೀಲಿಯಮ್ ಆಗುವಾಗ ದೊರೆಯುವ ಶಕ್ತಿಗಿಂತ, ಅಷ್ಟೇ ಜಲಜನಕ ಇಲ್ಲಿ ಸುಮ್ಮನೆ ಬಿದ್ದರೆ ದೊರೆಯುವ ಶಕ್ತಿ ಇಪ್ಪತ್ತು ಪಟ್ಟಿಗೂ ಹೆಚ್ಚು. ಬೀಳುವುದೇ ಬೈಜಿಕ ಕ್ರಿಯೆಗಿಂತ ಲಾಭದ ವ್ಯವಹಾರವೆಂಬುದನ್ನು ನಂಬಲು ನಮಗೂ ಸ್ವಲ್ಪ ಹೊತ್ತು ಹಿಡಿಯಿತು. ಪೆನ್ಸಿಲು ಹಿಡಿದು ಲೆಕ್ಕ ಮಾಡಿಯೇ ಒಪ್ಪಿದೆವು.

ಅನಿಲ ಕಂಡಕಂಡಲ್ಲಿ ಬೀಳುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ದೂರದಲ್ಲಿಯೇ ಕಾಂತಕ್ಷೇತ್ರ ಅದನ್ನು ತಡೆದು, ತನ್ನ ರೇಖೆಗಳ ಕಾಲುವೆಯಲ್ಲಿ ಧ್ರುವಗಳಿಗೆ ಹಾಯಿಸುತ್ತದೆ. ನಮ್ಮ ಒಂದು ಹಳ್ಳಿಯ ಹೊಲಗಳಷ್ಟು ಜಾಗದಲ್ಲಿ, ಎಂದರೆ ಒಂದು ಚದರ ಕಿಲೋಮೀಟರಿನ ಆಸುಪಾಸಿನಲ್ಲಿ, ಸೂರ್ಯನ ಸಾವಿರಾರು ಪಟ್ಟು ಪ್ರಕಾಶ ಹೊಮ್ಮುತ್ತದೆ. ಅನಿಲ ತೆಳುವಾಗಿ ಬೀಳುತ್ತಿದ್ದರೆ ಕಾದ ನೆಲದಿಂದ ಕ್ಷ-ಕಿರಣ ನೇರ ಮೇಲಕ್ಕೆ, ಸೀಸದಕಡ್ಡಿಯಂತೆ ಏಳುತ್ತದೆ. ಸುರಿತ ಹೆಚ್ಚಾದರೆ ಕಥೆಯೇ ಬೇರೆ. ಮೇಲೇಳುವ ಬೆಳಕಿನ ಒತ್ತಡವೇ ಬೀಳುವ ಅನಿಲವನ್ನು ತಡೆದು ನಿಲ್ಲಿಸುತ್ತದೆ. ಧ್ರುವದ ಮೇಲೆ ಅನಿಲದ ಉರಿಯುವ ಕಂಬವೊಂದು ನಿಲ್ಲುತ್ತದೆ. ಮೇಲಿನಿಂದ ಸುರಿಯುವ ಅನಿಲ ನೆತ್ತಿಯನ್ನು ಮುಚ್ಚಿರುವುದರಿಂದ ಕ್ಷ-ಕಿರಣ ಕಂಬದ ಪಕ್ಕಗಳಿಂದ ಬೀಸಣಿಗೆಯಂತೆ ಹೊರಬೀಳುತ್ತದೆ. ಒಂದೇ ನಕ್ಷತ್ರ ಮಂಕಾಗಿದ್ದಾಗ ಒಂದು ಆಕಾರದ ಮಿಡಿತ, ಉಜ್ಜ್ವಲವಾದಾಗ ಇನ್ನೊಂದು ಆಕಾರದ ಮಿಡಿತ ತೋರುವುದು ಬಹುಮಟ್ಟಿಗೆ ಇದರಿಂದ. ಎಣ್ಣೆ ಹೆಚ್ಚಾದರೆ ಬೆಳಕು ಬೀಳುವ ದಿಕ್ಕೇ ಬದಲಾಗುವ ದೀಪಸ್ತಂಭವನ್ನು ಯಾವ ಬಂದರಿನಲ್ಲಿಯೂ ನಾವು ಕಂಡಿಲ್ಲ. ಈ ಪಂಗಡದ ಪಲ್ಸಾರುಗಳು ನಿಧಾನಿಸುವ ಬದಲು ಎಷ್ಟೋ ಸಲ ವೇಗ ಹೆಚ್ಚಿಸಿಕೊಳ್ಳುತ್ತವೆ; ಸುಳಿಯುತ್ತ ಬೀಳುವ ಅನಿಲ ಬುಗುರಿಗೆ ಚಾಟಿಯಂತೆ ಬೀಸುತ್ತದೆ.

ಕಾಂತಕ್ಷೇತ್ರ ಇಷ್ಟೆಂದು ಹೇಳುವುದು ಊಹೆಯೋ ಅಳತೆಯೋ ಎಂದು ಕೇಳುವವರಿಗೆ ಹರ್ಕ್ಯುಲಿಸ್ ಎಕ್ಸ್-1ರ ಸಾಕ್ಷ್ಯವಿದೆ. 1976ರ ಮೇ ತಿಂಗಳಲ್ಲಿ ಜರ್ಮನಿಯ ಯೋಆಖಿಮ್ ಟ್ರ್ಯೂಂಪರರ ತಂಡ ಬಲೂನಿನಿಂದ ಅದರ ತೀಕ್ಷ್ಣ ಕ್ಷ-ಕಿರಣಗಳನ್ನು ಅಳೆದಾಗ, ನಿರ್ದಿಷ್ಟ ಶಕ್ತಿಯ ಬಳಿ ವಿಚಿತ್ರವಾದ ಏರುಪೇರು ಕಂಡಿತು. ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಕೆಲವು ನಿಯತ ಶಕ್ತಿಗಳಲ್ಲಿ ಮಾತ್ರ ಸುತ್ತಬಲ್ಲವು. ಆ ಶಕ್ತಿಯ ಕ್ಷ-ಕಿರಣವನ್ನು ಅವು ಚದುರಿಸಿಬಿಡುತ್ತವೆ. ಆ ತಗ್ಗು ಸುಮಾರು 40 ಕಿಲೋ-ಎಲೆಕ್ಟ್ರಾನ್-ವೋಲ್ಟಿನ ಬಳಿ ಇದೆಯೆಂದು ಮುಂದೆ ಸ್ಥಿರಪಟ್ಟಿತು. ಕ್ಷೇತ್ರವು ಕೆಲವು ಲಕ್ಷ ಕೋಟಿ ಗಾಸ್ ಎಂಬುದಕ್ಕೆ ಅದೇ ನೇರವಾದ ಅಳತೆ.

ಕಾಂತಕ್ಷೇತ್ರವನ್ನೇ ಎಣ್ಣೆಯಾಗಿ ಉರಿಸುವ ಮ್ಯಾಗ್ನೆಟಾರುಗಳೆಂಬ ಇನ್ನೊಂದು ಪಂಗಡವೂ ಉಂಟು. 1979ರ ಮಾರ್ಚ್ 5ರಂದು ಅಂಥದೊಂದು ನೆರೆಯ ಗೆಲಾಕ್ಸಿಯಿಂದ ಸಿಡಿದು ಅನೇಕ ಗಗನನೌಕೆಗಳ ಎಣಿಕೆಯಂತ್ರಗಳನ್ನು ದಿಕ್ಕೆಡಿಸಿತು. ಅವುಗಳ ಕಥೆ ಬೇರೆ ಲೇಖನಕ್ಕೇ ಆಗುವಷ್ಟಿದೆ.

ಬೆಳಕು ಎಷ್ಟು, ಯಾವ ಹೊತ್ತಿಗೆ, ಯಾವ ಶಕ್ತಿಯದು ಎಂಬ ಮೂರನ್ನೂ ಅಳೆದ ಮೇಲೂ ಬತ್ತಿಯ ಸ್ಥಾನ ಖಚಿತವಾಗದಾಗ ಉಳಿಯುವುದು ನಾಲ್ಕನೆಯ ಅಳತೆ, ಧ್ರುವೀಕರಣ. ಹಗ್ಗವೊಂದನ್ನು ಮೇಲೆ ಕೆಳಗೆ ಅಲುಗಿಸಬಹುದು, ಅಡ್ಡಲಾಗಿಯೂ ಅಲುಗಿಸಬಹುದು. ಬೆಳಕಿಗೂ ಹಾಗೆ ಕಂಪನದ ದಿಕ್ಕಿದೆ. ಕಾಂತಕ್ಷೇತ್ರದಲ್ಲಿ ಹುಟ್ಟಿದ ಬೆಳಕಿನ ಕಂಪನ ಆ ಕ್ಷೇತ್ರದ ದಿಕ್ಕನ್ನು ಹೇಳುತ್ತದೆ. ಇದನ್ನು ಪಲ್ಸಾರುಗಳಿಗೆ ಮೊದಲು ಸಾರ್ಥಕವಾಗಿ ಅನ್ವಯಿಸಿದವರಲ್ಲಿ ನಮ್ಮವರೇ ಆದ ವಿ. ರಾಧಾಕೃಷ್ಣನ್ ಒಬ್ಬರು. ಸರ್ ಸಿ.ವಿ. ರಾಮನ್ನರ ಪುತ್ರರಾದ ಅವರು ಆಸ್ಟ್ರೇಲಿಯದಲ್ಲಿದ್ದಾಗ, 1969ರಲ್ಲಿ ಕುಕ್ ಎಂಬವರೊಡನೆ, ವೇಲಾ ಪಲ್ಸಾರಿನ ರೇಡಿಯೋ ಮಿಡಿತದಲ್ಲಿ ಕಂಪನದ ದಿಕ್ಕು ನಯವಾಗಿ ಹೊರಳುವುದನ್ನು ವಿವರಿಸಿ, ಕಿರಣ ಹೊರಡುವುದು ಕಾಂತಧ್ರುವದ ಮೇಲಿನಿಂದ ಎಂದು ತೋರಿಸಿದರು. 1972ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು.

ರೇಡಿಯೋದಲ್ಲಿ ಸುಲಭವಾದ ಈ ಅಳತೆ ಕ್ಷ-ಕಿರಣದಲ್ಲಿ ಬಹು ಕಷ್ಟ. ಐವತ್ತು ವರ್ಷಗಳಷ್ಟು ಕಾಯಬೇಕಾಯಿತು. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಹಾರಿಸಿದ ಆರ್ಯಭಟದಲ್ಲೂ ಕ್ಷ-ಕಿರಣದ ಉಪಕರಣವಿದ್ದಿತು. ವಿದ್ಯುತ್ ಪೂರೈಕೆ ಕೆಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತುಹೋದುವು. ನಲವತ್ತು ವರ್ಷಗಳ ತರುವಾಯ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಮೇಲೇರಿತು. ಅದರ ಅಳತೆಯನ್ನು 2017ರಲ್ಲಿ ಪ್ರಕಟಿಸಿದಾಗ ಒಂದು ಅನಿರೀಕ್ಷಿತ ಸಂಗತಿ ಹೊರಬಂದಿತು. ಏಡಿಯ ಎರಡು ಶಿಖರಗಳ ಆಚೆ, ಪಲ್ಸಾರು ಮೌನವಾಗಿದೆ, ಬರುತ್ತಿರುವುದೆಲ್ಲ ನೀಹಾರಿಕೆಯದು ಎಂದು ತಿಳಿದಿದ್ದ ಅವಧಿಯಲ್ಲಿಯೇ ಧ್ರುವೀಕರಣ ಅತ್ಯಧಿಕವಾಗಿತ್ತು, ಅದು ಥಟ್ಟನೆ ಬದಲಾಗುತ್ತಲೂ ಇತ್ತು. ಮೌನದಲ್ಲೂ ಪಲ್ಸಾರು ಏನನ್ನೋ ಸೂಸುತ್ತಿದೆ ಎಂದಾಯಿತು. ಆಗಿನ ಯಾವ ಸಿದ್ಧಾಂತವೂ ಇದನ್ನು ಮುಂಚೆ ಹೇಳಿರಲಿಲ್ಲ. 2021ರ ಡಿಸೆಂಬರಿನಲ್ಲಿ ಹಾರಿದ ಅಮೆರಿಕ-ಇಟಲಿಗಳ ಉಪಗ್ರಹ ಹರ್ಕ್ಯುಲಿಸ್ ಎಕ್ಸ್-1ನ್ನು ನೋಡಿತು. ಕ್ಷ-ಕಿರಣದ ಶೇಕಡಾ 60ರಿಂದ 80ರಷ್ಟು ಧ್ರುವೀಕೃತವಾಗಿರಬೇಕೆಂದು ಸಿದ್ಧಾಂತ. ಕಂಡುದು ಶೇಕಡಾ 10ರ ಆಸುಪಾಸು. ಧ್ರುವದ ನೆಲದ ಮೇಲ್ಪದರ ಅತಿಯಾಗಿ ಕಾದು ಕಂಪನಗಳನ್ನು ಕಲೆಸುತ್ತಿದೆಯೆಂದು ಈಗ ಒಂದು ಸಮಾಧಾನ. ನಮಗೇನೋ ಅದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

2024ರ ಜನವರಿ 1ರಂದು ಶ್ರೀಹರಿಕೋಟೆಯಿಂದ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹ ಮೇಲೇರಿತು. ಅದರ ಮುಖ್ಯ ಉಪಕರಣ 'ಪೋಲಿಕ್ಸ್' ಅನ್ನು ಕಟ್ಟಿದುದು ರಾಧಾಕೃಷ್ಣನ್ನರ ಅದೇ ರಾಮನ್ ಸಂಶೋಧನ ಸಂಸ್ಥೆ. ನಡುವೆ ಹಗುರ ಧಾತುವಿನ ಒಂದು ತುಂಡು, ಸುತ್ತ ನಾಲ್ಕು ಎಣಿಕೆಯಂತ್ರಗಳು. ತುಂಡಿಗೆ ಬಡಿದ ಕ್ಷ-ಕಿರಣ ಯಾವ ಪಕ್ಕಕ್ಕೆ ಹೆಚ್ಚಾಗಿ ಚದುರುತ್ತದೆ ಎಂದು ಒಂದೊಂದಾಗಿ ಎಣಿಸುವುದೇ ಅದರ ಕೆಲಸ. ಎಣಿಕೆಯಲ್ಲಿ ಪಕ್ಷಪಾತವಾಗದಿರಲೆಂದು ಉಪಗ್ರಹವೇ ನೋಟದ ಅಕ್ಷದ ಸುತ್ತ ಮೆಲ್ಲಗೆ ಹೊರಳುತ್ತದೆ. ಅದು ಮೊದಲು ಕಣ್ಣಿಟ್ಟ ಮೂಲಗಳಲ್ಲಿ ಏಡಿಯೂ ಒಂದು; ಆ ಜನವರಿಯಲ್ಲೇ 33 ಮಿಲಿಸೆಕೆಂಡಿನ ಪರಿಚಿತ ಮಿಡಿತ ಅದರಲ್ಲಿ ಮೂಡಿತು. ಹುಡುಗಿಗೆ ನಾವು ಬರೆದ ಕಾಗದದಲ್ಲಿ ಆ ಮಿಡಿತದ ಎರಡು ಶಿಖರಗಳನ್ನು ಬರೆದು, ಅವುಗಳ ನಡುವಣ ಖಾಲಿ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದೇವೆ.